ಎರಡನೆಯ ಪ್ರತಿ ಎಲ್ಲಿದೆ?



ಕ್ಲೌಡ್‌ನಲ್ಲಿ ಕಂಪ್ಯೂಟರ್ ಬಾಡಿಗೆಗೆ ಹಿಡಿದವರಲ್ಲಿ ಬಹಳ ಮಂದಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ಆ ಕಂಪ್ಯೂಟರಿನ ಡಿಸ್ಕು ಸಾಮಾನ್ಯವಾಗಿ ಅದರ ಒಳಗೆ ಇರುವುದೇ ಇಲ್ಲ. ಲೆಕ್ಕ ಮಾಡುವ ಯಂತ್ರ ಒಂದು ಕಡೆ, ಬರೆದಿಡುವ ಡಿಸ್ಕು ಇನ್ನೊಂದು ಕಡೆ, ನಡುವೆ ನೆಟ್‌ವರ್ಕ್. ನಿಮ್ಮ ಪ್ರೋಗ್ರಾಂ ಮಾತ್ರ ಡಿಸ್ಕು ತನ್ನ ಮಗ್ಗುಲಲ್ಲೇ ಇದೆ ಎಂದು ನಂಬಿಕೊಂಡು ಓದುತ್ತ ಬರೆಯುತ್ತ ಇರುತ್ತದೆ. ಈ ಬಗೆಯ ಡಿಸ್ಕಿಗೆ ಬ್ಲಾಕ್ ಸ್ಟೋರೇಜ್ ಎನ್ನುತ್ತಾರೆ. ಇಡೀ ಡಿಸ್ಕನ್ನು ಒಂದೇ ಅಳತೆಯ ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಆ ತುಂಡೇ ಬ್ಲಾಕ್. ಇಂತಿಷ್ಟನೇ ಬ್ಲಾಕಿನಲ್ಲಿ ಇದನ್ನು ಬರೆ, ಇಂತಿಷ್ಟನೇ ಬ್ಲಾಕನ್ನು ಓದಿ ಹೇಳು. ಡಿಸ್ಕಿಗೆ ಅರ್ಥವಾಗುವ ಅಪ್ಪಣೆಗಳು ಇಷ್ಟೇ. ಅಲ್ಲಿರುವುದು ಸೊಸೈಟಿಯ ಸಾಲದ ಲೆಕ್ಕವೋ ಮದುವೆಯ ಫೋಟೋವೋ ಅದಕ್ಕೆ ಗೊತ್ತಿಲ್ಲ.

ಮೊದಲು ಹೀಗಿರಲಿಲ್ಲ. 2006ರಲ್ಲಿ ಅಮೆಜಾನ್ ಕಂಪನಿ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡಲು ಶುರು ಮಾಡಿದಾಗ, ಯಂತ್ರವನ್ನು ವಾಪಸು ಕೊಟ್ಟರೆ ಡಿಸ್ಕಿನಲ್ಲಿದ್ದದ್ದೂ ಅದರೊಂದಿಗೇ ಹೋಗುತ್ತಿತ್ತು. 2008ರ ಆಗಸ್ಟ್‌ನಲ್ಲಿ ಎಲಾಸ್ಟಿಕ್ ಬ್ಲಾಕ್ ಸ್ಟೋರ್ ಬಂತು. ಈ ಕೆಲಸದಲ್ಲಿರುವವರು ಚುಟುಕಾಗಿ ಇಬಿಎಸ್ ಎನ್ನುತ್ತಾರೆ. ಯಂತ್ರ ಕೆಟ್ಟರೂ ಡಿಸ್ಕು ಉಳಿಯುತ್ತದೆ, ಬಿಚ್ಚಿ ಇನ್ನೊಂದು ಯಂತ್ರಕ್ಕೆ ತಗುಲಿಸಬಹುದು. ಗೂಗಲ್‌ನವರು ಪರ್ಸಿಸ್ಟೆಂಟ್ ಡಿಸ್ಕ್ ಎಂದೂ ಮೈಕ್ರೋಸಾಫ್ಟ್‌ನವರು ಮ್ಯಾನೇಜ್ಡ್ ಡಿಸ್ಕ್ ಎಂದೂ ಮಾರುವುದು ಇಂಥದ್ದನ್ನೇ. ಯಂತ್ರದೊಳಗಿನ ಹಳೆಯ ಬಗೆಯ ಡಿಸ್ಕು ಈಗಲೂ ಸಿಗುತ್ತದೆ. ಬಹಳ ವೇಗ, ಆದರೆ ಯಂತ್ರವನ್ನು ನಿಲ್ಲಿಸಿದರೆ ಖಾಲಿ. ವೇಗಕ್ಕೆ ಮರುಳಾಗಿ ತಮ್ಮ ಬಳಿ ಇರುವ ಒಂದೇ ಒಂದು ಡೇಟಾಬೇಸನ್ನು ಅದರ ಮೇಲೆ ಹೂಡುವವರು ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತಲೇ ಇರುತ್ತಾರೆ.

ಈ ಡಿಸ್ಕುಗಳನ್ನು ಮಾರುವವರು ಒಂದು ಭರವಸೆ ಕೊಡುತ್ತಾರೆ. ನೀವು ಬರೆದ ಪ್ರತಿ ಬ್ಲಾಕನ್ನೂ ನಾವು ಒಂದಕ್ಕಿಂತ ಹೆಚ್ಚು ಕಡೆ ಬರೆದಿಡುತ್ತೇವೆ ಎನ್ನುತ್ತಾರೆ. ಮಾತು ನಿಜ. ಆದರೆ ಅಷ್ಟಕ್ಕೇ ನೆಮ್ಮದಿಯಾಗಿ ನಿದ್ದೆ ಮಾಡಬಹುದೇ ಎಂಬುದು ಬೇರೆ ಪ್ರಶ್ನೆ. ಎಷ್ಟು ಪ್ರತಿ ಇದೆ ಎಂದು ಎಣಿಸುವುದಕ್ಕಿಂತ, ಒಂದು ಪ್ರತಿಯನ್ನು ಹಾಳು ಮಾಡುವ ಕಾರಣವೇ ಇನ್ನೊಂದನ್ನೂ ಹಾಳು ಮಾಡೀತೇ ಎಂದು ಕೇಳಿಕೊಳ್ಳುವುದು ಮೇಲು. ಮಾಡೀತು ಎಂದಾದರೆ ಆ ಅಪಾಯದ ಮಟ್ಟಿಗೆ ನಿಮ್ಮ ಬಳಿ ಇರುವುದು ಒಂದೇ ಪ್ರತಿ. ಈವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಅಮೆಜಾನಿನದೇ ಒಂದು ಪ್ರಸಂಗದಿಂದ ಶುರು ಮಾಡೋಣ. 2011ರ ಏಪ್ರಿಲ್ 21. ಕಂಪನಿಯ ಕೇಂದ್ರ ಕಚೇರಿ ಇರುವ ಸಿಯಾಟಲ್‌ನಲ್ಲಿ ನಡುರಾತ್ರಿ 12.47, ನಮ್ಮಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಮೆರಿಕದ ಇನ್ನೊಂದು ಅಂಚಿನ ಉತ್ತರ ವರ್ಜೀನಿಯಾದಲ್ಲಿರುವ ಡೇಟಾ ಸೆಂಟರುಗಳಲ್ಲಿ ನೆಟ್‌ವರ್ಕಿನ ಸಾಮರ್ಥ್ಯ ಹೆಚ್ಚಿಸುವ ಮಾಮೂಲಿ ಕೆಲಸ ನಡೆದಿತ್ತು. ಒಂದು ರೂಟರಿನ ಮೇಲಿದ್ದ ಸಂಚಾರವನ್ನು ಅದರ ಜೊತೆಯ ಇನ್ನೊಂದು ದೊಡ್ಡ ರೂಟರಿಗೆ ತಿರುಗಿಸಬೇಕಿತ್ತು. ಕೈತಪ್ಪಿ ಅದನ್ನು ಕಡಿಮೆ ಸಾಮರ್ಥ್ಯದ ಎರಡನೇ ನೆಟ್‌ವರ್ಕಿಗೆ ತಿರುಗಿಸಿದರು. ಡಿಸ್ಕುಗಳ ಪ್ರತಿಗಳು ಒಂದರ ಜೊತೆ ಇನ್ನೊಂದು ಮಾತನಾಡಿಕೊಳ್ಳುವ ದಾರಿ ಅದು. ಆ ಹೊರೆ ಅದಕ್ಕೆ ತಡೆಯಲಿಲ್ಲ. ಸಾವಿರಾರು ಡಿಸ್ಕುಗಳಿಗೆ ತಮ್ಮ ಜೋಡಿ ಪ್ರತಿ ಕಾಣೆಯಾಯಿತು.

ಜೋಡಿ ಕಾಣೆಯಾದ ಡಿಸ್ಕು ಏನು ಮಾಡಬೇಕು? ಹೊಸ ಜೋಡಿ ಹುಡುಕಿ ಪ್ರತಿ ಮಾಡಿಕೊಳ್ಳಬೇಕು, ಅದು ಆಗುವವರೆಗೆ ಯಾರು ಬರೆಯಲು ಬಂದರೂ ತಡೆದು ನಿಲ್ಲಿಸಬೇಕು. ಎರಡು ಪ್ರತಿಗಳು ಒಂದನ್ನೊಂದು ಕಾಣದೆ ಬೇರೆ ಬೇರೆ ಸಂಗತಿ ಬರೆದುಕೊಂಡರೆ ಆಮೇಲೆ ಯಾವುದನ್ನು ನಂಬುವುದು? ಆದ್ದರಿಂದ ತಡೆಯುವುದೇ ಸರಿ. ನೆಟ್‌ವರ್ಕ್ ಮತ್ತೆ ಸರಿಹೋದ ಕ್ಷಣ ಅಷ್ಟೂ ಡಿಸ್ಕುಗಳು ಒಟ್ಟಿಗೇ ಖಾಲಿ ಜಾಗ ಹುಡುಕಲು ಹೊರಟವು. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸುಗಳೆಲ್ಲ ಗಂಟೆಗಟ್ಟಲೆ ನಿಂತು, ಆಮೇಲೆ ಒಂದೇ ಒಂದು ಬಸ್ಸು ಬಂದು ನಿಂತರೆ ಏನಾಗುತ್ತದೆ, ಹಾಗೆ. ಜಾಗ ಮುಗಿಯಿತು. ಸಿಗದವು ಬಿಡದೆ ಕೇಳುತ್ತಲೇ ಇದ್ದವು, ಆ ಕೇಳುವಿಕೆಯೇ ನೆಟ್‌ವರ್ಕನ್ನು ತುಂಬಿಕೊಂಡಿತು. ಝೋನ್ ಎಂದು ಕರೆಯುವ ಆ ಡೇಟಾ ಸೆಂಟರ್ ಗುಂಪಿನ ಶೇಕಡಾ 13ರಷ್ಟು ಡಿಸ್ಕುಗಳು ಹೀಗೆ ಓದಲೂ ಬಾರದೆ ಬರೆಯಲೂ ಬಾರದೆ ಸಿಕ್ಕಿಕೊಂಡವು. ರೆಡಿಟ್, ಕೋರಾ, ಫೋರ್‌ಸ್ಕ್ವೇರ್ ತಾಣಗಳು ನಿಂತವು. ರಿಪೇರಿ ದಿನಗಟ್ಟಲೆ ಹಿಡಿಯಿತು. ಕಡೆಗೂ ಶೇಕಡಾ 0.07ರಷ್ಟು ಡಿಸ್ಕುಗಳನ್ನು ಸರಿಯಾದ ಸ್ಥಿತಿಯಲ್ಲಿ ವಾಪಸು ಕೊಡಲು ಆಗಲೇ ಇಲ್ಲ. ಹತ್ತು ಸಾವಿರಕ್ಕೆ ಏಳು. ಆ ಏಳರಲ್ಲಿ ನಿಮ್ಮದೂ ಒಂದಾಗಿದ್ದರೆ ದಶಾಂಶ ಬಿಂದುವಿನಿಂದ ಯಾವ ಸಮಾಧಾನವೂ ಇಲ್ಲ.

ಕಂಪನಿ ಆಮೇಲೆ ಇದೆಲ್ಲವನ್ನೂ ಬಿಚ್ಚಿಟ್ಟು ಉದ್ದನೆಯ ವರದಿ ಬರೆಯಿತು. ಅದರಲ್ಲಿ ನನಗೆ ಮುಖ್ಯವಾಗಿ ಕಂಡ ಭಾಗ ಬೇರೆಯೇ. ಕೆಟ್ಟದ್ದು ಒಂದು ಝೋನು. ಆದರೆ ಹೊಸ ಡಿಸ್ಕು ಕೊಡಿ ಎಂಬ ಕೋರಿಕೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಆ ಪ್ರದೇಶದ ಎಲ್ಲ ಝೋನುಗಳಿಗೂ ಒಂದೇ ಆಗಿತ್ತು. ಕೆಟ್ಟ ಝೋನಿನ ಕೋರಿಕೆಗಳು ಉತ್ತರ ಸಿಗದೆ ಅಲ್ಲೇ ಜಮಾಯಿಸಿ ಅದರ ಕೈಕಾಲು ಕಟ್ಟಿಹಾಕಿದವು. ನೆಟ್ಟಗಿದ್ದ ಝೋನುಗಳಲ್ಲೂ ಹೊಸ ಡಿಸ್ಕು ಸಿಗುವುದು ಕಷ್ಟವಾಯಿತು. ಒಂದು ಝೋನ್ ಬಿದ್ದರೆ ಇನ್ನೊಂದರಲ್ಲಿ ಡಿಸ್ಕು ಮಾಡಿಕೊಂಡು ಎದ್ದು ನಿಲ್ಲುತ್ತೇವೆ ಎಂದು ಯೋಜನೆ ಬರೆದಿಟ್ಟಿದ್ದವರಿಗೆ, ಎಲ್ಲರೂ ಅದೇ ಯೋಜನೆ ಬರೆದಿದ್ದರು ಎಂದು ಗೊತ್ತಾದದ್ದು ಆವತ್ತೇ. ವಿವಿಧ ಝೋನುಗಳಲ್ಲಿ ಹರಡಿಕೊಂಡು, ಹೆಚ್ಚುವರಿ ಸಾಮರ್ಥ್ಯವನ್ನು ಮೊದಲೇ ನಡೆಸಿಕೊಂಡು ಬಂದಿದ್ದ ನೆಟ್‌ಫ್ಲಿಕ್ಸ್ ಹೆಚ್ಚೇನೂ ಅಲುಗದೆ ಪಾರಾಯಿತು. ಆಪತ್ತಿನ ಹೊತ್ತಿಗೆ ಬೇಕಾಗುವುದು ಆಪತ್ತಿಗೆ ಮೊದಲೇ ಓಡುತ್ತಿರಬೇಕು. ಆಮೇಲೆ ಕೇಳಿ ತರುತ್ತೇವೆ ಎಂಬುದು ನಡೆಯದ ಮಾತು.

ಝೋನ್ ಎಂದೆ. ಸ್ವಲ್ಪ ವಿವರಿಸುತ್ತೇನೆ. ಕ್ಲೌಡ್ ಕಂಪನಿಗಳು ಒಂದು ಊರಿನ ಸುತ್ತಮುತ್ತ ಹಲವು ಡೇಟಾ ಸೆಂಟರುಗಳನ್ನು ಕಟ್ಟಿ ಅದನ್ನು ರೀಜನ್ ಎನ್ನುತ್ತವೆ. ಅದರೊಳಗೆ ವಿದ್ಯುತ್ತು, ತಂಪು ಹವೆ, ನೆಟ್‌ವರ್ಕ್ ಎಲ್ಲ ಬೇರೆ ಬೇರೆ ಇರುವಂತೆ ವಿಂಗಡಿಸಿದ ಗುಂಪುಗಳೇ ಝೋನುಗಳು. ಇಬಿಎಸ್ ಡಿಸ್ಕು ಹುಟ್ಟಿದ ಝೋನಿನಲ್ಲೇ ಬದುಕಿ ಅಲ್ಲೇ ಸಾಯುತ್ತದೆ. ಅದರ ಪ್ರತಿಗಳೂ ಅದೇ ಝೋನಿನಲ್ಲಿ ಇರುತ್ತವೆ. ಸಾಮಾನ್ಯ ದರ್ಜೆಯ ಡಿಸ್ಕು ವರ್ಷದಲ್ಲಿ ಹಾಳಾಗುವ ಪ್ರಮಾಣ ಶೇಕಡಾ 0.1ರಿಂದ 0.2 ಎಂದು ಅಮೆಜಾನ್ ಹೇಳುತ್ತದೆ. ಸಾವಿರ ಡಿಸ್ಕು ಇಟ್ಟುಕೊಂಡವರು ವರ್ಷಕ್ಕೆ ಒಂದೋ ಎರಡೋ ಕಳೆದುಕೊಳ್ಳಲು ಸಿದ್ಧರಿರಬೇಕು ಎಂದರ್ಥ. ಐಓ2 ಎಂಬ ದುಬಾರಿ ದರ್ಜೆಗೆ ಇದು ಶೇಕಡಾ 0.001, ಲಕ್ಷಕ್ಕೆ ಒಂದು. ಮುಖ್ಯ ಡೇಟಾಬೇಸಿಗೆ ಆ ದುಡ್ಡು ಕೊಡುವುದು ತಪ್ಪಲ್ಲ. ಆದರೆ ಈ ಅಂಕಿಗಳು ಡಿಸ್ಕು ತಾನಾಗಿ ಕೆಡುವ ಲೆಕ್ಕ. ನೀವೇ ಅಳಿಸಿದ್ದು, ಕಳ್ಳ ಅಳಿಸಿದ್ದು ಅದರಲ್ಲಿ ಸೇರಿಲ್ಲ.

ಗೂಗಲ್‌ನಲ್ಲಿ ಒಂದೇ ಡಿಸ್ಕನ್ನು ಎರಡು ಝೋನುಗಳಲ್ಲಿ ಏಕಕಾಲಕ್ಕೆ ಬರೆಯುವ ಬಗೆ ಇದೆ, ಮೈಕ್ರೋಸಾಫ್ಟ್‌ನ ಅಜ಼ೂರ್‌ನಲ್ಲಿ ಮೂರು ಝೋನುಗಳಲ್ಲಿ ಬರೆಯುವ ಬಗೆ ಇದೆ. ಪ್ರತಿ ಬರಹವೂ ದೂರದ ಝೋನಿಗೆ ಹೋಗಿ ಒಪ್ಪಿಗೆ ತರಬೇಕಾದ್ದರಿಂದ ಕೊಂಚ ನಿಧಾನ. ಅಮೆಜಾನಿನಲ್ಲಿ ಈ ಕೆಲಸವನ್ನು ಡಿಸ್ಕಿನ ಮಟ್ಟದಲ್ಲಿ ಮಾಡದೆ ಡೇಟಾಬೇಸಿಗೇ ವಹಿಸುವುದು ವಾಡಿಕೆ. ಒಂದು ಝೋನಿನಲ್ಲಿ ಮುಖ್ಯ ಡೇಟಾಬೇಸ್, ಇನ್ನೊಂದರಲ್ಲಿ ಅದನ್ನು ಹಿಂಬಾಲಿಸುವ ಜೋಡಿ. ನನ್ನ ಒಲವು ಎರಡನೆಯ ವಿಧಾನದ ಕಡೆಗೇ. ತಾನು ಬರೆದದ್ದು ಏನು ಎಂದು ಡೇಟಾಬೇಸಿಗೆ ತಿಳಿದಿರುತ್ತದೆ, ಡಿಸ್ಕಿಗೆ ತಿಳಿದಿರುವುದಿಲ್ಲ.

ಝೋನು ಬೀಳುವುದು ಕಾಗದದ ಮೇಲಿನ ಭಯವಲ್ಲ. 2015ರ ಆಗಸ್ಟ್ 13ರಂದು ಬೆಲ್ಜಿಯಂನಲ್ಲಿ ಗೂಗಲ್ ಡೇಟಾ ಸೆಂಟರಿಗೆ ವಿದ್ಯುತ್ ಕೊಡುವ ಜಾಲಕ್ಕೆ ಮೇಲಿಂದ ಮೇಲೆ ನಾಲ್ಕು ಸಲ ಸಿಡಿಲು ಬಡಿಯಿತು. ಬ್ಯಾಟರಿಗಳಿದ್ದವು. ಆದರೂ ಆಗ ತಾನೆ ಬರೆದ ಕೆಲವು ಬ್ಲಾಕುಗಳು ಶಾಶ್ವತವಾಗಿ ಹೋದವು. ಆ ಝೋನಿನ ಒಟ್ಟು ಸಂಗ್ರಹದ ಶೇಕಡಾ 0.000001ಕ್ಕಿಂತಲೂ ಕಡಿಮೆ ಎಂದು ಕಂಪನಿ ಲೆಕ್ಕ ಕೊಟ್ಟಿತು. ನಿಜಕ್ಕೂ ಅತ್ಯಲ್ಪ. ಆದರೆ ಕಟ್ಟಡದ ಮಟ್ಟದ ಆಪತ್ತಿಗೆ ಒಂದೇ ಝೋನಿನ ಡಿಸ್ಕು ಉತ್ತರವಲ್ಲ, ಬೇರೆ ಕಡೆಯೂ ಇಡಿ ಎಂದು ಗೂಗಲ್ಲೇ ಗ್ರಾಹಕರಿಗೆ ನೆನಪಿಸಿತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ್ದು ಅರೆಬರೆ. ಅಲ್ಲಿ ಕೆಲವು ಗ್ರಾಹಕರು ದುಡ್ಡು ಕೊಟ್ಟು ಬ್ಯಾಕಪ್ ಸೇವೆಯನ್ನೂ ಕೊಂಡಿದ್ದರು. ಬ್ಯಾಕಪ್ ಇದ್ದದ್ದೂ ಅದೇ ಆವರಣದಲ್ಲಿ. ಡಿಸ್ಕೂ ಬೂದಿ, ಬ್ಯಾಕಪ್ಪೂ ಬೂದಿ. ಪ್ರಕರಣ ಕೋರ್ಟಿನ ಮೆಟ್ಟಿಲೇರಿತು, ಗ್ರಾಹಕರಿಗೆ ಪರಿಹಾರ ಕೊಡಿ ಎಂಬ ಆದೇಶವೂ ಬಂತು. ಆದರೆ ಪರಿಹಾರದ ಹಣದಿಂದ ಸುಟ್ಟುಹೋದ ಲೆಕ್ಕ ವಾಪಸು ಬರುವುದಿಲ್ಲ.

ಆದ್ದರಿಂದ ಇನ್ನೊಂದು ಪ್ರತಿ ಬೇರೆ ರೀಜನ್‌ನಲ್ಲಿ ಇರಬೇಕು. ನಮ್ಮ ದೇಶದಲ್ಲಿ ಇದಕ್ಕೊಂದು ತೊಡಕಿತ್ತು. ಹಣ ಪಾವತಿಯ ಡೇಟಾ ಭಾರತದೊಳಗೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ಅಮೆಜಾನಿಗೆ ಇಲ್ಲಿ ಇದ್ದದ್ದು 2016ರಲ್ಲಿ ಶುರುವಾದ ಮುಂಬೈ ಒಂದೇ. ಎರಡನೆಯ ಪ್ರತಿಯನ್ನು ಸಿಂಗಪುರಕ್ಕೆ ಕಳಿಸೋಣ ಎಂದರೆ ಕಾನೂನು ಒಪ್ಪದು. 2022ರ ಕೊನೆಗೆ ಹೈದರಾಬಾದ್ ಬಂದ ಮೇಲೆ ದೇಶದೊಳಗೇ ಎರಡು ದೂರದ ಊರುಗಳು ಸಿಕ್ಕವು. ಮೈಕ್ರೋಸಾಫ್ಟ್‌ಗೆ 2015ರಿಂದಲೇ ಪುಣೆ, ಚೆನ್ನೈ, ಮುಂಬೈಗಳಿವೆ. ಗೂಗಲ್‌ಗೆ ಮುಂಬೈ, ದೆಹಲಿ. ಬೆಂಗಳೂರಿನಲ್ಲಿ ಕೂತು ಪಾವತಿ ಆ್ಯಪ್ ಬರೆಯುವ ಹುಡುಗರಿಗೆ ಇದು ಭೂಗೋಳದ ಪಾಠವಲ್ಲ, ದಿನನಿತ್ಯದ ಕೆಲಸ.

ಈಗ ಸ್ನ್ಯಾಪ್‌ಶಾಟ್ ವಿಚಾರ. ಒಂದು ನಿರ್ದಿಷ್ಟ ಗಳಿಗೆಯಲ್ಲಿ ಡಿಸ್ಕು ಹೇಗಿತ್ತೋ ಹಾಗೆ ಅದನ್ನು ತೆಗೆದಿಡುವುದೇ ಸ್ನ್ಯಾಪ್‌ಶಾಟ್. ಮೊದಲ ಸಲ ಪೂರ್ತಿ, ಆಮೇಲೆ ಬದಲಾದ ಬ್ಲಾಕುಗಳು ಮಾತ್ರ. ಹಾಗಾಗಿ ಗಂಟೆಗೊಂದು ತೆಗೆದರೂ ಖರ್ಚು ಮೈಮೇಲೆ ಬರುವಷ್ಟು ಆಗುವುದಿಲ್ಲ. ಅದು ಡಿಸ್ಕಿನ ಝೋನನ್ನು ಬಿಟ್ಟು ಇಡೀ ರೀಜನ್ ವ್ಯಾಪಿಸಿದ ಬೇರೆ ಸಂಗ್ರಹಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ರೀಜನ್‌ಗೆ ಕಳಿಸಬಹುದು. ಜೋಡಿ ಪ್ರತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಎಷ್ಟು ಸಲ ಹೇಳಿದರೂ ಸಾಲದು. ನೀವು ತಪ್ಪಿ ಡೇಟಾಬೇಸಿನ ಒಂದು ಟೇಬಲ್ ಅಳಿಸಿದರೆ ಜೋಡಿ ಪ್ರತಿ ಆ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ. ನಿನ್ನೆಯ ಸ್ಥಿತಿ ಸ್ನ್ಯಾಪ್‌ಶಾಟಿನಲ್ಲಿ ಮಾತ್ರ ಸಿಗುತ್ತದೆ.

ಓಡುತ್ತಿರುವ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದರೆ ಸಿಗುವುದು, ಆ ಗಳಿಗೆಯಲ್ಲಿ ಕರೆಂಟು ಹೋಗಿದ್ದರೆ ಡಿಸ್ಕು ಹೇಗಿರುತ್ತಿತ್ತೋ ಅದು. ಮೆಮೊರಿಯಲ್ಲಿದ್ದು ಡಿಸ್ಕಿಗೆ ಇನ್ನೂ ಇಳಿಯದ ಬರಹ ಅದರಲ್ಲಿ ಇರುವುದಿಲ್ಲ. ಒಳ್ಳೆಯ ಡೇಟಾಬೇಸುಗಳು, ಮಾಡಿದ ಬದಲಾವಣೆಗಳನ್ನು ಬರೆದಿಟ್ಟುಕೊಂಡ ತಮ್ಮ ಲಾಗ್ ನೋಡಿಕೊಂಡು ಇದರಿಂದ ಚೇತರಿಸಿಕೊಳ್ಳುತ್ತವೆ. ಆದರೆ ಡೇಟಾ ಒಂದು ಡಿಸ್ಕಿನಲ್ಲಿ, ಲಾಗ್ ಇನ್ನೊಂದರಲ್ಲಿ ಇದ್ದು, ಎರಡರ ಸ್ನ್ಯಾಪ್‌ಶಾಟನ್ನು ಎರಡು ನಿಮಿಷದ ಅಂತರದಲ್ಲಿ ತೆಗೆದರೆ ಅವು ಎಂದೂ ಕೂಡಿಬಾರದ ಜೋಡಿ. ಎರಡನ್ನೂ ಒಂದೇ ಗಳಿಗೆಗೆ ಕಟ್ಟಿ ತೆಗೆಯುವ ಸೌಲಭ್ಯ ಇದೆ, ಬಳಸಬೇಕು. ಸಾಧ್ಯವಿದ್ದರೆ ಡಿಸ್ಕಿಗೆ ಬರೆಯುವುದನ್ನು ಒಂದು ಕ್ಷಣ ತಡೆಹಿಡಿದು ತೆಗೆಯುವುದು ಇನ್ನೂ ಒಳ್ಳೆಯದು. ಎಷ್ಟು ಹೊತ್ತಿಗೊಮ್ಮೆ ತೆಗೆಯಬೇಕು ಎಂಬುದನ್ನು ಎಂಜಿನಿಯರನ್ನು ಕೇಳಬೇಡಿ. ಎಷ್ಟು ಹೊತ್ತಿನ ವ್ಯವಹಾರ ಕಳೆದುಹೋದರೆ ನಾನು ತಡೆದುಕೊಂಡೇನು ಎಂದು ಅಂಗಡಿಯ ಯಜಮಾನರೇ ಹೇಳಬೇಕು. ಅರ್ಧ ಗಂಟೆ ಎಂದವರಿಗೆ ರಾತ್ರಿಗೊಂದು ಸ್ನ್ಯಾಪ್‌ಶಾಟ್ ಸಾಲದು.

ಇಷ್ಟು ಹೊತ್ತು ಸಿಡಿಲು, ಬೆಂಕಿ, ನೆಟ್‌ವರ್ಕಿನ ಮಾತಾಯಿತು. ಮನುಷ್ಯರ ಕಡೆಗೆ ಬರೋಣ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಯ ಒಳಕ್ಕೆ ಒಬ್ಬ ದಾಳಿಕೋರ ನುಗ್ಗಿದ. ಬೇರೆಯವರ ಪ್ರೋಗ್ರಾಂಗಳನ್ನು ಜೋಪಾನವಾಗಿ ಇಟ್ಟುಕೊಡುವುದೇ ಆ ಕಂಪನಿಯ ಉದ್ಯೋಗ. ಅವನು ಹಣ ಕೇಳಿದ. ಇವರು ಪಾಸ್‌ವರ್ಡ್ ಬದಲಿಸಿ ಖಾತೆಯನ್ನು ವಾಪಸು ಹಿಡಿಯಲು ಹೋದರು. ಅವನು ತನಗಾಗಿ ಬೇರೆ ಕಳ್ಳದಾರಿಗಳನ್ನು ಮೊದಲೇ ಮಾಡಿಕೊಂಡಿದ್ದ. ಸುಳಿವು ಸಿಕ್ಕ ಕೂಡಲೇ ಡಿಸ್ಕು, ಸ್ನ್ಯಾಪ್‌ಶಾಟ್, ಬ್ಯಾಕಪ್ ಒಂದೊಂದಾಗಿ ಅಳಿಸುತ್ತ ಹೋದ. ಎಲ್ಲವೂ ಇದ್ದದ್ದು ಒಂದೇ ಖಾತೆಯಲ್ಲಿ, ಒಂದೇ ಬೀಗದ ಕೈ ಕೆಳಗೆ. ಹನ್ನೆರಡು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಕಂಪನಿ ಬಾಗಿಲು ಹಾಕಿತು.

ಈ ಕಾರಣಕ್ಕೇ, ಬ್ಯಾಕಪ್ ಬೇರೆ ಖಾತೆಯಲ್ಲಿರಲಿ ಎಂದು ತಿಳಿದವರು ಪಟ್ಟುಹಿಡಿಯುತ್ತಾರೆ. ದಿನದ ಕೆಲಸ ಮಾಡುವವರ ಕೈಗೆ ಆ ಖಾತೆಯ ಬೀಗದ ಕೈ ಸಿಗಬಾರದು. ಆ ಖಾತೆಗೆ ಪ್ರತಿಯನ್ನು ಕಳಿಸಬಹುದು, ಅಲ್ಲಿಂದ ಅಳಿಸಲು ಬರಬಾರದು. ಇಂತಿಷ್ಟು ದಿನ ಯಾರೂ, ಯಜಮಾನರೂ ಸಹ, ಅಳಿಸದಂತೆ ಸ್ನ್ಯಾಪ್‌ಶಾಟಿಗೆ ಬೀಗ ಹಾಕುವ ಸೌಲಭ್ಯ 2023ರಿಂದ ಅಮೆಜಾನಿನಲ್ಲಿ ಇದೆ. ಬೀಗದ ಜೊತೆ ಇನ್ನೊಂದು ಎಚ್ಚರ. ಡಿಸ್ಕುಗಳನ್ನು ಗೂಢಲಿಪಿಯಲ್ಲಿ ಇಡುವುದು ಈಗ ಎಲ್ಲರೂ ಮಾಡುವ ಕೆಲಸ, ಮಾಡಲೇಬೇಕಾದ ಕೆಲಸ. ಆದರೆ ಆ ಗೂಢಲಿಪಿಯ ಕೀಲಿಯನ್ನು ಯಾರಾದರೂ ಅಳಿಸಿದರೆ ಹತ್ತು ಪ್ರತಿ ಇದ್ದರೂ ಒಂದನ್ನೂ ಓದಲಾಗದು. ಡಿಸ್ಕುಗಳ ಲೆಕ್ಕ ಇಡುವವರು ಕೀಲಿಗಳ ಲೆಕ್ಕವನ್ನೂ ಇಡಬೇಕು.

ಕಳ್ಳರೇ ಬರಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆಯೇ ಅಳಿಸಿಹೋಯಿತು. ಅದನ್ನು ಸಿದ್ಧಪಡಿಸುವಾಗ ಗೂಗಲ್‌ನ ಕಡೆಯಿಂದ ಒಂದು ಅಂಕಣ ಖಾಲಿ ಬಿಟ್ಟುಹೋಗಿತ್ತು. ಖಾಲಿ ಎಂದರೆ ಒಂದು ವರ್ಷದ ಅವಧಿ ಎಂದು ಯಂತ್ರ ತಿಳಿಯಿತು, ವರ್ಷ ತುಂಬಿದ ದಿನ ಅಳಿಸಿತು. ಆರು ಲಕ್ಷಕ್ಕೂ ಮಿಕ್ಕಿದ ಸದಸ್ಯರು ವಾರಕ್ಕೂ ಹೆಚ್ಚು ಕಾಲ ತಮ್ಮ ಖಾತೆ ನೋಡಲಾಗದೆ ಕಾದರು. ಬ್ಯಾಕಪ್ಪಿನ ಒಂದು ಪ್ರತಿಯನ್ನು ಬೇರೆ ಕಂಪನಿಯ ಬಳಿಯೂ ಇಟ್ಟಿದ್ದದ್ದು ಚೇತರಿಕೆಗೆ ಒದಗಿತು. ಸಣ್ಣ ಪ್ರಮಾಣದಲ್ಲಿ ಇಂಥ ಖಾಲಿ ಅಂಕಣ ನಮ್ಮೆಲ್ಲರ ಮುಂದೆಯೂ ಇದೆ. ಅಮೆಜಾನಿನಲ್ಲಿ ಯಂತ್ರವನ್ನು ರದ್ದು ಮಾಡಿದರೆ ಅದರ ಮೂಲ ಡಿಸ್ಕೂ ಅಳಿಯಬೇಕು ಎಂಬ ಗುರುತು ತಾನಾಗಿ ಬಿದ್ದಿರುತ್ತದೆ. ಅದನ್ನು ತೆಗೆಯಬೇಕೆಂದರೆ ನೀವೇ ತೆಗೆಯಬೇಕು.

ಇನ್ನು ಖರ್ಚಿನ ಮಾತು. ಪ್ರತಿ ಹೆಚ್ಚಿದಂತೆ ಬಿಲ್ಲೂ ಹೆಚ್ಚುತ್ತದೆ. ಹಾಗೆಂದು ಎಲ್ಲಕ್ಕೂ ಒಂದೇ ಮರ್ಯಾದೆ ಬೇಕಿಲ್ಲ. ಪರೀಕ್ಷೆಗೆಂದು ಮಾಡಿಕೊಂಡ ಡಿಸ್ಕಿಗೆ ಎರಡು ರೀಜನ್‌ನಲ್ಲಿ ಪ್ರತಿ ಇಡುವುದು ದುಡ್ಡಿನ ಪೋಲು. ಅದೇ, ದೊಡ್ಡದು ಎಂಬ ಕಾರಣಕ್ಕೆ ಬ್ಯಾಕಪ್ಪನ್ನೇ ಬಿಡುವುದು ಇನ್ನೊಂದು ತುದಿ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿನ ಬ್ಯಾಟರಿಗಳಿಗೆ ಬೆಂಕಿ ಹತ್ತಿ, ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಪೂರ್ತಿ ನಾಶವಾಯಿತು. 858 ಟೆರಾಬೈಟ್. ಇಷ್ಟು ದೊಡ್ಡದಕ್ಕೆ ಹೊರಗಡೆ ಬ್ಯಾಕಪ್ ಇಡುವುದು ಕಷ್ಟ ಎಂದು ಇಟ್ಟಿರಲೇ ಇಲ್ಲ.

ಕಡೆಯದಾಗಿ, ನನ್ನ ಕಣ್ಣಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾದ ಕೆಲಸ. ಬ್ಯಾಕಪ್ಪನ್ನು ವಾಪಸು ತಂದು ನೋಡುವುದು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೆಯ ಡೇಟಾಬೇಸನ್ನು ಖಾಲಿ ಮಾಡಲು ಹೋಗಿ ಮೊದಲನೆಯದನ್ನು ಖಾಲಿ ಮಾಡಿದರು. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು. ಬ್ಯಾಕಪ್ ಹುಡುಕಲು ಹೊರಟರು. ದಿನವೂ ತೆಗೆಯುತ್ತಿದ್ದ ಪ್ರತಿ ಇರಬೇಕಾದ ಜಾಗ ಖಾಲಿ. ಪ್ರತಿ ತೆಗೆಯುವ ಪ್ರೋಗ್ರಾಮಿನ ಆವೃತ್ತಿಯೂ ಡೇಟಾಬೇಸಿನ ಆವೃತ್ತಿಯೂ ಹೊಂದದೆ ಅದು ಪ್ರತಿ ದಿನ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮಿಂಚಂಚೆಯನ್ನು ಅಂಚೆ ವ್ಯವಸ್ಥೆ ಸ್ವೀಕರಿಸುತ್ತಲೇ ಇರಲಿಲ್ಲ. ಅಜ಼ೂರ್ ಡಿಸ್ಕಿನ ಸ್ನ್ಯಾಪ್‌ಶಾಟ್ ಬೇರೆ ಸರ್ವರುಗಳಿಗೆ ಹಾಕಿದ್ದರು, ಡೇಟಾಬೇಸಿಗೆ ಹಾಕಿರಲಿಲ್ಲ. ಉಳಿದ ಬ್ಯಾಕಪ್‌ಗಳಿವೆಯಲ್ಲ ಎಂದು! ಪರೀಕ್ಷೆಯ ಕೆಲಸಕ್ಕೆಂದು ಯಾರೋ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಅದನ್ನು ನಿಧಾನದ ಡಿಸ್ಕಿನಿಂದ ನಕಲು ಮಾಡಿಕೊಳ್ಳಲು ಹದಿನೆಂಟು ಗಂಟೆ ಹಿಡಿಯಿತು. ಮೆಚ್ಚಬೇಕಾದ್ದೆಂದರೆ, ಅವರು ಏನನ್ನೂ ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು.

ಆ ಹದಿನೆಂಟು ಗಂಟೆಯ ಮೇಲೆ ಒಂದು ಮಾತು. ಇಬಿಎಸ್ ಸ್ನ್ಯಾಪ್‌ಶಾಟಿನಿಂದ ಹೊಸ ಡಿಸ್ಕು ನಿಮಿಷದೊಳಗೆ ಸಿದ್ಧವಾದಂತೆ ಕಾಣುತ್ತದೆ. ವಾಸ್ತವದಲ್ಲಿ ಬ್ಲಾಕುಗಳು ಇನ್ನೂ ಬಂದಿರುವುದಿಲ್ಲ. ಒಂದೊಂದನ್ನೂ ಮೊದಲ ಸಲ ಓದಿದಾಗ ದೂರದ ಸಂಗ್ರಹದಿಂದ ತರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆ ಡೇಟಾಬೇಸು ತೆವಳುತ್ತದೆ, ಗ್ರಾಹಕರು ಇನ್ನೂ ಕೆಟ್ಟೇ ಇದೆ ಎಂದುಕೊಳ್ಳುತ್ತಾರೆ. ಹೆಚ್ಚು ದುಡ್ಡು ಕೊಟ್ಟರೆ ಈ ತಡವನ್ನು ತಪ್ಪಿಸಬಹುದು. ಕೊಡಬೇಕೋ ಬೇಡವೋ ಎಂಬುದು ಒಂದು ಸಲ ನಿಜವಾಗಿ ವಾಪಸು ತಂದು, ಗಡಿಯಾರ ಹಿಡಿದು ನೋಡಿದವರಿಗೆ ಮಾತ್ರ ತಿಳಿದೀತು.

ಮೂರು ತಿಂಗಳಿಗೊಮ್ಮೆಯಾದರೂ ಈ ಅಭ್ಯಾಸ ನಡೆಯಲಿ. ಬೇರೆ ಖಾತೆಯಲ್ಲಿ, ಬೇರೆ ರೀಜನ್‌ನಲ್ಲಿ ಡಿಸ್ಕನ್ನು ಎಬ್ಬಿಸಿ, ಡೇಟಾಬೇಸ್ ಏರಿಸಿ, ನಿನ್ನೆಯ ಕಡೆಯ ಬಿಲ್ಲು ಅದರಲ್ಲಿ ಇದೆಯೇ ಎಂದು ನೋಡಬೇಕು. ಆ ಕೆಲಸವನ್ನು ವ್ಯವಸ್ಥೆ ಕಟ್ಟಿದ ಹಿರಿಯರಿಗೆ ಕೊಡಬೇಡಿ. ಅವರಿಗೆ ಎಲ್ಲ ಬಾಯಿಪಾಠ. ಹೋದ ತಿಂಗಳು ಸೇರಿದ ಹುಡುಗಿಗೋ ಹುಡುಗನಿಗೋ ಬರೆದಿಟ್ಟ ಟಿಪ್ಪಣಿಯನ್ನು ಮಾತ್ರ ಕೊಟ್ಟು ಕೂರಿಸಿ. ಅವರು ಎಲ್ಲೆಲ್ಲಿ ತಡೆದು ನಿಂತರೋ ಅಲ್ಲಲ್ಲಿ ಟಿಪ್ಪಣಿಯನ್ನು ತಿದ್ದಿ. ಆ ಟಿಪ್ಪಣಿಯ ಒಂದು ಪ್ರತಿ, ದಯವಿಟ್ಟು, ಆ ಡಿಸ್ಕಿನಿಂದ ಹೊರಗೆ ಇರಲಿ.